ಕಟ್ ಎಡವುತ್ತಿದೆಯೇ? ಕಿರುಚಿತ್ರದಲ್ಲಿ ಕಂಟಿನ್ಯೂಟಿ ದೋಷ ಪತ್ತೆ ಹಚ್ಚುವ ಬಗೆ

ಶೂಟಿಂಗ್ ಮುಗಿದಿದೆ, ಶಾಟ್‌ಗಳನ್ನು ಸಾಲಾಗಿ ಜೋಡಿಸಿದ್ದೀರಿ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಶಾಟ್ ಚೆನ್ನಾಗಿಯೇ ಇದೆ. ಆದರೆ ಎರಡು ಶಾಟ್ ಸೇರುವ ಜಾಗದಲ್ಲಿ, ಅಂದರೆ ಕಟ್‌ನಲ್ಲಿ, ಕಂಟಿನ್ಯೂಟಿ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಲ್ಲವೂ ಮುಂದುವರಿದಂತೆ ಕಾಣುವುದು) ತಪ್ಪಿ ಏನೋ ಎಡವಿದಂತಾಗುತ್ತದೆ. ಏನೆಂದು ಹೇಳಲು ಬರುವುದಿಲ್ಲ, ಆದರೆ ನೋಡುವವರ ಮನಸ್ಸು ಅಷ್ಟು ಹೊತ್ತಿಗೆ ಕಥೆಯಿಂದ ಹೊರಗೆ ಬಂದಿರುತ್ತದೆ. ಹೊಸಬರು ಇಂಥ ಕಡೆ ಡಿಸಾಲ್ವ್ (ಒಂದು ಶಾಟ್ ಕರಗುತ್ತಾ ಇನ್ನೊಂದು ಮೂಡುವ ಜೋಡಣೆ) ಹಾಕುತ್ತಾರೆ, ಇಲ್ಲವೇ ಹಿನ್ನೆಲೆ ಸಂಗೀತವನ್ನು ಜೋರು ಮಾಡುತ್ತಾರೆ. ದೋಷ ಅಲ್ಲೇ ಉಳಿಯುತ್ತದೆ, ಅದರ ಮೇಲೆ ಇನ್ನೊಂದು ಪದರ ಬರುತ್ತದೆ ಅಷ್ಟೆ.

ಕಟ್ ಎಡವುವುದು ಸಂಕಲನದಲ್ಲಿ ಕಂಡರೂ ಅದರ ಬೇರು ಬಹುಮಟ್ಟಿಗೆ ಶೂಟಿಂಗ್ ದಿನ ಕ್ಯಾಮೆರಾ ಎಲ್ಲಿ ನಿಂತಿತ್ತು ಎನ್ನುವುದರಲ್ಲಿರುತ್ತದೆ. ಆದ್ದರಿಂದ ಪತ್ತೆ ಹಚ್ಚುವಾಗ ಸಾಫ್ಟ್‌ವೇರ್‌ನ ಮೆನುಗಳನ್ನು ಹುಡುಕುವ ಬದಲು ಆ ದಿನದ ಜಾಗವನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳಬೇಕು.

ವಿವರಣೆಗೆ ಒಂದೇ ದೃಶ್ಯವನ್ನು ಇಟ್ಟುಕೊಳ್ಳೋಣ. ಹಳ್ಳಿಮನೆಯ ಜಗಲಿ. ಅಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ. ಮೊಮ್ಮಗಳು ಒಳಗಿನಿಂದ ಕಾಫಿ ತಂದುಕೊಟ್ಟು ಎದುರಿನ ಕಟ್ಟೆಯ ಮೇಲೆ ಕೂರುತ್ತಾಳೆ. ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳುತ್ತಾಳೆ. ಅಜ್ಜ ಲೋಟ ಕೆಳಗಿಡುತ್ತಾರೆ. ಕೊನೆಗೆ ಅವಳು ಚೀಲ ಹೊತ್ತು ಬಸ್ ನಿಲ್ದಾಣದ ಕಡೆ ನಡೆಯುತ್ತಾಳೆ. ಮೊಬೈಲ್‌ನಲ್ಲಿ ತೆಗೆಯಬಹುದಾದ ಸರಳ ದೃಶ್ಯ. ಆದರೂ ಆರಂಭದಲ್ಲಿ ಎದುರಾಗುವ ದೋಷಗಳೆಲ್ಲ ಇದರೊಳಗೇ ಬರುತ್ತವೆ.

ಮೊದಲು ಮಾಡಬೇಕಾದ ಪರೀಕ್ಷೆಗಳು

ಎಡವುವ ಕಟ್‌ನ ಹಿಂದೆ ಮುಂದೆ ಹತ್ತು ಹತ್ತು ಸೆಕೆಂಡ್ ಬಿಟ್ಟು ಆ ಭಾಗವನ್ನು ಮಾತ್ರ ನೋಡಿ, ಧ್ವನಿಯನ್ನು ಪೂರ್ತಿ ಬಂದ್ ಮಾಡಿ. ಮೂಕವಾಗಿ ನೋಡಿದಾಗ ಕಟ್ ಸರಾಗವಾಗಿ ಸಾಗಿದರೆ ದೋಷ ಧ್ವನಿಯಲ್ಲಿದೆ, ಚಿತ್ರವನ್ನು ಮುಟ್ಟಲೇಬೇಡಿ. ಈ ಒಂದು ಪರೀಕ್ಷೆ ಅರ್ಧ ದಿನದ ಶ್ರಮವನ್ನು ಉಳಿಸುತ್ತದೆ. ಕಣ್ಣಿಗೆ ಎಡವಿದಂತೆ ಕಾಣುವ ಎಷ್ಟೋ ಕಟ್‌ಗಳು ನಿಜವಾಗಿ ಎಡವುವುದು ಕಿವಿಗೆ.

ಮೂಕವಾಗಿ ನೋಡಿದರೂ ಎಡವಿದರೆ ಮೊದಲ ಶಾಟ್‌ನ ಕೊನೆಯ ಫ್ರೇಮ್ ಮತ್ತು ಮುಂದಿನ ಶಾಟ್‌ನ ಮೊದಲ ಫ್ರೇಮ್ ಎರಡನ್ನೂ ಸ್ಥಿರಚಿತ್ರವಾಗಿ ಉಳಿಸಿಕೊಂಡು ಪಕ್ಕಪಕ್ಕದಲ್ಲಿ ಇಡಿ. ಮೂಗು ಯಾವ ಕಡೆಗಿದೆ, ಮುಖ ಫ್ರೇಮಿನ ಯಾವ ಭಾಗದಲ್ಲಿದೆ, ಎಷ್ಟು ದೊಡ್ಡದಿದೆ, ಕೈಯಲ್ಲಿ ಏನಿದೆ, ಗೋಡೆಯ ಬಣ್ಣ ಏನು, ನೆರಳು ಎತ್ತ ಬಿದ್ದಿದೆ, ಇದೇ ಕ್ರಮದಲ್ಲಿ ನೋಡಿ. ಮೊದಲು ಕಂಡ ವ್ಯತ್ಯಾಸವೇ ಸಾಮಾನ್ಯವಾಗಿ ಅಪರಾಧಿ.

ಆಗಲೂ ತಿಳಿಯದಿದ್ದರೆ ಕಾಗದ ತೆಗೆದುಕೊಂಡು ಆ ಜಾಗವನ್ನು ಮೇಲಿನಿಂದ ನೋಡಿದಂತೆ ನಕ್ಷೆ ಬರೆಯಿರಿ. ಅಜ್ಜನಿಗೆ ಒಂದು ಸೊನ್ನೆ, ಮೊಮ್ಮಗಳಿಗೆ ಒಂದು ಸೊನ್ನೆ, ಪ್ರತಿ ಶಾಟ್‌ಗೂ ಕ್ಯಾಮೆರಾ ನಿಂತ ಕಡೆ ಒಂದು ಬಾಣ. ನಕ್ಷೆ ಬರೆಯಲು ಅನೇಕರಿಗೆ ಬೇಸರ. ಆದರೆ ತಲೆಯಲ್ಲಿ ಸಿಕ್ಕಾಗಿರುವುದು ಕಾಗದದ ಮೇಲೆ ಎರಡು ನಿಮಿಷದಲ್ಲಿ ಬಿಡಿಸಿಕೊಳ್ಳುತ್ತದೆ.

ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತದೆ

ಅಜ್ಜನ ಕ್ಲೋಸಪ್‌ನಲ್ಲಿ ಅವರು ಪರದೆಯ ಬಲಕ್ಕೆ ನೋಡುತ್ತಿದ್ದಾರೆ. ಕಟ್ ಆಗಿ ಮೊಮ್ಮಗಳು ಬಂದರೆ ಅವಳೂ ಬಲಕ್ಕೇ ನೋಡುತ್ತಿದ್ದಾಳೆ. ಎದುರುಬದುರು ಕುಳಿತವರು ಒಬ್ಬರ ಹಿಂದೆ ಒಬ್ಬರು ಕುಳಿತು ಮೂರನೆಯವರೊಡನೆ ಮಾತನಾಡುತ್ತಿರುವಂತೆ ತೋರುತ್ತದೆ. ಮಾತು ಎಷ್ಟೇ ಚೆನ್ನಾಗಿದ್ದರೂ ಅವರ ನಡುವಿನ ನಂಟು ಹರಿದುಹೋಗುತ್ತದೆ.

ಕಾರಣ ಒಂದೇ: ಕ್ಯಾಮೆರಾ ಗೆರೆ ದಾಟಿದೆ. ಇಬ್ಬರ ನಡುವೆ ಅವರ ನೋಟ ಸಾಗುವ ದಾರಿಯಲ್ಲಿ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಮೊದಲ ಶಾಟ್ ಗೆರೆಯ ಯಾವ ಬದಿಯಿಂದ ತೆಗೆದಿರೋ ಉಳಿದ ಶಾಟ್‌ಗಳನ್ನೂ ಅದೇ ಬದಿಯ ಅರ್ಧ ವೃತ್ತದೊಳಗೆ ನಿಂತು ತೆಗೆಯಬೇಕು. ಇದನ್ನೇ 180 ಡಿಗ್ರಿ ನಿಯಮ ಎನ್ನುತ್ತಾರೆ. ನಾಟಕ ಆಡಿದವರಿಗೆ ಇದನ್ನು ತಿಳಿಸುವುದು ಸುಲಭ. ರಂಗದ ಮುಂದೆ ಕುಳಿತ ಪ್ರೇಕ್ಷಕ ಎದ್ದು ಹಿಂದಿನ ಪರದೆಯ ಕಡೆಗೆ ಹೋಗಿ ಕೂರುವುದಿಲ್ಲ. ಎಡಗಡೆಯಿಂದ ಬಂದ ರಾಜ ಅವನ ಪಾಲಿಗೆ ನಾಟಕ ಮುಗಿಯುವವರೆಗೂ ಎಡಗಡೆಯವನೇ. ಸಿನಿಮಾದಲ್ಲಿ ಆ ಪ್ರೇಕ್ಷಕನನ್ನು ಹತ್ತಿರಕ್ಕೆ, ದೂರಕ್ಕೆ, ಓರೆಗೆ ಕರೆದೊಯ್ಯಬಹುದು. ಆದರೆ ಹೇಳದೆ ಕೇಳದೆ ರಂಗದ ಹಿಂಬದಿಗೆ ಎತ್ತಿಹಾಕಿದರೆ ಅವನಿಗೆ ದಿಕ್ಕು ತಪ್ಪುತ್ತದೆ.

ಹೊಸಬರು ಗೆರೆ ದಾಟುವುದು ಅಜ್ಞಾನದಿಂದ ಅಲ್ಲ, ಒಳ್ಳೆಯ ಆಸೆಯಿಂದ. ಅಜ್ಜನ ಶಾಟ್ ತೆಗೆದ ಮೇಲೆ ಮೊಮ್ಮಗಳ ಹಿಂದೆ ಖಾಲಿ ಗೋಡೆ ಕಾಣುತ್ತದೆ, ಇನ್ನೊಂದು ಬದಿಗೆ ಹೋದರೆ ಅಂಗಳದ ತುಳಸಿಕಟ್ಟೆ ಕಾಣುತ್ತದೆ. ಕ್ಯಾಮೆರಾ ಅಲ್ಲಿಗೆ ಹೋಗುತ್ತದೆ. ಚೌಕಟ್ಟು ಚಂದವಾಗುತ್ತದೆ, ದೃಶ್ಯ ಕೆಡುತ್ತದೆ. ತುಳಸಿಕಟ್ಟೆ ಬೇಕೇ ಬೇಕೆಂದಿದ್ದರೆ ಮೊದಲ ಶಾಟ್‌ಗೆ ಮುಂಚೆಯೇ ಆ ಬದಿಯನ್ನು ಆರಿಸಿಕೊಳ್ಳಬೇಕಿತ್ತು.

ಈಗ ಏನು ಮಾಡಬಹುದು? ಎಲ್ಲರಿಗೂ ಮೊದಲು ಹೊಳೆಯುವುದು ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಎಡ ಬಲ ತಿರುಗಿಸುವುದು. ಕೆಲವೊಮ್ಮೆ ಇದು ಸಾಕಾಗುತ್ತದೆ. ತಿರುಗಿಸುವ ಮುನ್ನ ಫ್ರೇಮಿನಲ್ಲಿ ಅಕ್ಷರ ಇದೆಯೇ ನೋಡಿ. ಗೋಡೆಯ ಕ್ಯಾಲೆಂಡರ್ ಒಂದೇ ಸಾಕು ಗುಟ್ಟು ಬಿಟ್ಟುಕೊಡಲು. ಎಡ ಹೆಗಲ ಮೇಲಿದ್ದ ಸೀರೆಯ ಸೆರಗು ಬಲಕ್ಕೆ ಹೋಗುತ್ತದೆ, ಅಂಗಿಯ ಜೇಬು ಬದಿ ಬದಲಿಸುತ್ತದೆ, ಮೂಗುಬೊಟ್ಟು ಇನ್ನೊಂದು ಹೊಳ್ಳೆಗೆ ಹಾರುತ್ತದೆ, ಬೈತಲೆಯ ಓರೆ ಬದಲಾಗುತ್ತದೆ. ಬಿಗಿಯಾದ ಕ್ಲೋಸಪ್‌ನಲ್ಲಿ ಇವು ಕಾಣದಿದ್ದರೆ ಮಾತ್ರ ಈ ದಾರಿ.

ಎರಡನೆಯ ದಾರಿ ನಡುವೆ ಒಂದು ಸೇತುವೆ ಶಾಟ್ ಹಾಕುವುದು. ಲೋಟದಿಂದ ಏಳುವ ಹಬೆ, ಜಗಲಿಯ ಕಂಬಕ್ಕೆ ಒರಗಿದ ಕೋಲು, ಅಥವಾ ಇಬ್ಬರೂ ಕಾಣುವ ವೈಡ್ ಶಾಟ್. ವೈಡ್ ಶಾಟ್ ಬಂದ ಕೂಡಲೇ ಪ್ರೇಕ್ಷಕ ಜಾಗವನ್ನು ಹೊಸದಾಗಿ ಅಳೆದುಕೊಳ್ಳುತ್ತಾನೆ. ಆಮೇಲೆ ಹೊಸ ಬದಿಯಿಂದ ಮುಂದುವರಿಯಬಹುದು. ಕಟ್ ಇಲ್ಲದೆ ಕ್ಯಾಮೆರಾ ತಾನೇ ನಡೆದು ಗೆರೆ ದಾಟಿದರೆ ಅಥವಾ ಪಾತ್ರ ಎದ್ದು ಹೋಗಿ ಬೇರೆಡೆ ಕುಳಿತರೆ ಕೂಡ ತೊಂದರೆ ಇಲ್ಲ, ದಾಟುವುದನ್ನು ನಾವು ಕಣ್ಣಾರೆ ಕಂಡಿರುತ್ತೇವೆ.

ಮೂರನೆಯವರು ಬಂದಾಗ, ಅಜ್ಜಿ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದಾಗ, ಗೆರೆ ಒಂದಲ್ಲ ಮೂರಾಗುತ್ತದೆ. ಅಜ್ಜ ಅಜ್ಜಿಯ ಕಡೆ ತಿರುಗಿದ ಕ್ಷಣದಿಂದ ಅವರಿಬ್ಬರ ನಡುವಿನ ಗೆರೆಯೇ ಲೆಕ್ಕಕ್ಕೆ. ಇಂಥ ದೃಶ್ಯಕ್ಕೆ ನಕ್ಷೆ ಇಲ್ಲದೆ ಕೈ ಹಾಕಬಾರದು. ಎಲ್ಲರೂ ಕಾಣುವ ಮಾಸ್ಟರ್ ಶಾಟನ್ನು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ತೆಗೆದಿಟ್ಟುಕೊಂಡರೆ ಎಲ್ಲಿ ಸಿಕ್ಕಿಬಿದ್ದರೂ ಹಿಂದಿರುಗಲು ಒಂದು ಜಾಗ ಇರುತ್ತದೆ.

ಗೆರೆ ದಾಟಿಲ್ಲ, ಆದರೂ ಕಣ್ಣು ಕೂಡುತ್ತಿಲ್ಲ

ಎಡ ಬಲ ಸರಿಯಿದೆ, ಆದರೂ ಮೊಮ್ಮಗಳು ಅಜ್ಜನನ್ನು ನೋಡುತ್ತಿದ್ದಾಳೆ ಎಂದು ನಂಬಿಕೆ ಬರುವುದಿಲ್ಲ. ಎತ್ತರವನ್ನು ನೋಡಿ. ಅವಳು ನಿಂತು ಕಾಫಿ ಕೊಡುವಾಗ ನೋಟ ಕೆಳಗಿಳಿಯಬೇಕು, ಅಜ್ಜನ ನೋಟ ಮೇಲೇರಬೇಕು. ಅವಳ ಕ್ಲೋಸಪ್ ತೆಗೆಯುವ ಹೊತ್ತಿಗೆ ಅಜ್ಜನ ಪಾತ್ರಧಾರಿ ವಿಶ್ರಾಂತಿಗೆ ಹೋಗಿರುತ್ತಾರೆ, ಅವರ ಮಾತನ್ನು ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕದಲ್ಲಿ ನಿಂತು ಓದುತ್ತಾರೆ. ಅವಳು ನಿಂತವರ ಮುಖ ನೋಡಿ ಉತ್ತರ ಕೊಡುತ್ತಾಳೆ, ಕುಳಿತ ಅಜ್ಜನ ಮುಖವನ್ನಲ್ಲ. ಸಂಕಲನದಲ್ಲಿ ಇದಕ್ಕೆ ಮದ್ದಿಲ್ಲ ಎಂದೇ ಹೇಳಬೇಕು, ಆ ಮಾತಿಗೆ ಬೇರೆ ಶಾಟ್ ಬಳಸುವುದೊಂದೇ ಉಪಾಯ.

ಸೆಟ್‌ನಲ್ಲಿ ಉಪಾಯ ಬಹಳ ಸರಳ. ಎದುರು ಪಾತ್ರಧಾರಿಯನ್ನೇ ಕರೆದು ಲೆನ್ಸ್‌ಗೆ ಆದಷ್ಟು ಹತ್ತಿರ, ಅದೇ ಎತ್ತರದಲ್ಲಿ ಕೂರಿಸಿ. ನೋಟ ಲೆನ್ಸ್‌ಗೆ ಹತ್ತಿರವಾದಷ್ಟೂ ಎರಡೂ ಕಣ್ಣು ಕಾಣುತ್ತವೆ, ಭಾವ ನೇರವಾಗಿ ತಲುಪುತ್ತದೆ. ಅವರು ಇಲ್ಲದಿದ್ದರೆ ಸ್ಟ್ಯಾಂಡ್‌ಗೆ ಬಣ್ಣದ ಟೇಪಿನ ತುಂಡು ಅಂಟಿಸಿ ಅದನ್ನು ನೋಡಲು ಹೇಳಿ. ಅಜ್ಜನ ಶಾಟ್‌ಗೆ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಎಷ್ಟು ಹೆಜ್ಜೆ ದೂರವಿತ್ತು ಎಂಬುದನ್ನು ಬರೆದಿಟ್ಟುಕೊಂಡು ಮೊಮ್ಮಗಳ ಶಾಟ್‌ಗೆ ಅದಕ್ಕೆ ಜೋಡಿಯಾಗುವಂತೆ ಇಡಿ.

ಇಲ್ಲೇ ಮೊಬೈಲ್ ತಂದೊಡ್ಡುವ ಇನ್ನೊಂದು ತೊಡಕನ್ನೂ ಹೇಳಬೇಕು. ಒಬ್ಬರ ಮುಖ ಸಹಜವಾಗಿದ್ದು ಇನ್ನೊಬ್ಬರ ಮೂಗು ಉಬ್ಬಿ ಕಿವಿ ಹಿಂದೆ ಸರಿದಂತಿದ್ದರೆ ಆ ಶಾಟ್‌ಗೆ ಮೊಬೈಲನ್ನು ಮುಖದ ತೀರಾ ಹತ್ತಿರ ಹಿಡಿದಿದ್ದೀರಿ. ಮುಖದ ಆಕಾರ ಕೆಡಿಸುವುದು ದೂರ. ವೈಡ್ ಲೆನ್ಸ್ ನಮ್ಮನ್ನು ಹತ್ತಿರ ಹೋಗುವಂತೆ ಮಾಡುತ್ತದೆ ಅಷ್ಟೆ. ಎರಡು ಮೂರು ಲೆನ್ಸ್ ಇರುವ ಮೊಬೈಲ್‌ಗಳಲ್ಲಿ ಬೆಳಕು ಕಡಿಮೆಯಾದಾಗ ಅಥವಾ ವಸ್ತು ಹತ್ತಿರ ಬಂದಾಗ ಯಂತ್ರವೇ ಲೆನ್ಸ್ ಬದಲಿಸಿಬಿಡುವುದೂ ಉಂಟು. ಸೆಟ್ಟಿಂಗ್‌ನಲ್ಲಿ ಇದನ್ನು ತಡೆಯುವ ಆಯ್ಕೆ ಇದ್ದರೆ ತಡೆಯಿರಿ, ಇಲ್ಲದಿದ್ದರೆ ಪ್ರತಿ ಟೇಕ್‌ಗೂ ಮುನ್ನ ಪರೀಕ್ಷಿಸಿ.

ಕಟ್ ಆದಾಗ ಚಿತ್ರ ಎಗರುತ್ತದೆ

ಅಜ್ಜ ಸೊಂಟದವರೆಗೆ ಕಾಣುವ ಶಾಟ್‌ನಿಂದ ಅಜ್ಜ ಎದೆಯವರೆಗೆ ಕಾಣುವ ಶಾಟ್‌ಗೆ ಕಟ್. ಕೋನ ಹೆಚ್ಚುಕಡಿಮೆ ಅದೇ. ಅವರ ತಲೆ ಒಂದಿಷ್ಟು ಹಿಗ್ಗಿ, ಒಂದಿಷ್ಟು ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಎರಡೂ ಸ್ಥಿರಚಿತ್ರಗಳನ್ನು ಒಂದರ ಮೇಲೊಂದಿಟ್ಟು ಬೇಗಬೇಗ ಬದಲಿಸಿ ನೋಡಿ. ಬೇರೆ ಚಿತ್ರ ಬಂತು ಎನಿಸುವ ಬದಲು ಅದೇ ಚಿತ್ರ ಅಲುಗಾಡಿತು ಎನಿಸಿದರೆ ಇದೇ ದೋಷ.

ಕಣ್ಣಿಗೆ ಎರಡರಲ್ಲಿ ಒಂದು ಬೇಕು: ಒಂದೋ ಏನೂ ಬದಲಾಗಬಾರದು, ಇಲ್ಲವೇ ಸ್ಪಷ್ಟವಾಗಿ ಬದಲಾಗಬೇಕು. ಅರೆಬರೆ ಬದಲಾವಣೆಯನ್ನು ಅದು ದೋಷವೆಂದೇ ಓದುತ್ತದೆ. ಆದ್ದರಿಂದ ಒಂದೇ ವ್ಯಕ್ತಿಯ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿದಿರಬೇಕು, ಜೊತೆಗೆ ಶಾಟ್‌ನ ಅಳತೆಯೂ ಒಂದು ಹೆಜ್ಜೆ ಪೂರ್ತಿ ಬದಲಾಗಿದ್ದರೆ ಇನ್ನೂ ಒಳ್ಳೆಯದು. ಸೊಂಟದ ಶಾಟ್ ಆದ ಮೇಲೆ ಮುಖದ ಕ್ಲೋಸಪ್‌ಗೆ ಹೋಗಿ, ಎದೆಯ ಹತ್ತಿರ ನಿಲ್ಲಬೇಡಿ.

ಈಗಿನ ಪರಿಹಾರಕ್ಕೆ 4ಕೆ ಚಿತ್ರೀಕರಣ ನೆರವಾಗುತ್ತದೆ. 3840 ಪಿಕ್ಸೆಲ್ ಅಗಲದ ಚಿತ್ರವನ್ನು 1920 ಪಿಕ್ಸೆಲ್ ಅಗಲದ ಟೈಮ್‌ಲೈನ್‌ನಲ್ಲಿ (ಸಂಕಲನದಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಬಳಸುತ್ತಿದ್ದರೆ ಎರಡು ಪಟ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಎರಡನೆಯ ಶಾಟನ್ನು ಧೈರ್ಯವಾಗಿ ಹಿಗ್ಗಿಸಿ ನಿಜವಾದ ಕ್ಲೋಸಪ್ ಮಾಡಿ. ಆಗದಿದ್ದರೆ ನಡುವೆ ಮೊಮ್ಮಗಳು ಕೇಳಿಸಿಕೊಳ್ಳುತ್ತಿರುವ ಒಂದು ಶಾಟ್ ಇಡಿ. ಕೇಳುವವರ ಮುಖ ಎಷ್ಟು ಬೆಲೆಯುಳ್ಳದ್ದು ಎಂದು ತಿಳಿಯುವುದು ಸಂಕಲನಕ್ಕೆ ಕುಳಿತಾಗಲೇ. ಆದ್ದರಿಂದ ಶೂಟಿಂಗ್ ದಿನ ಮಾತಿಲ್ಲದ ಪಾತ್ರದ ಪ್ರತಿಕ್ರಿಯೆಯನ್ನೂ ದೃಶ್ಯದ ಉದ್ದಕ್ಕೂ ತೆಗೆಯಿರಿ.

ಲೋಟ ಒಂದು ಕೈಯಿಂದ ಇನ್ನೊಂದಕ್ಕೆ ಹಾರುತ್ತದೆ

ಕಂಟಿನ್ಯೂಟಿ ಎಂದರೆ ಇದೊಂದೇ ಎಂದು ಹಲವರು ತಿಳಿದಿದ್ದಾರೆ. ವೈಡ್ ಶಾಟ್‌ನಲ್ಲಿ ಲೋಟ ಬಲಗೈಯಲ್ಲಿ, ಕ್ಲೋಸಪ್‌ನಲ್ಲಿ ಎಡಗೈಯಲ್ಲಿ. ಮೊದಲು ತುಂಬಿದ್ದ ಕಾಫಿ ಮರುಕ್ಷಣ ತಳದಲ್ಲಿ. ದೋಷ ಕಣ್ಣಿಗೆ ಕಾಣುವಂಥದ್ದು, ಪತ್ತೆಗೆ ಶ್ರಮವಿಲ್ಲ. ಕಾರಣವನ್ನು ಮಾತ್ರ ಸರಿಯಾಗಿ ಹಿಡಿಯಬೇಕು: ಪಾತ್ರಧಾರಿಗೆ ಯಾವ ಮಾತಿಗೆ ಯಾವ ಚಲನೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. “ಯಾವಾಗ ಹೊರಡುತ್ತೀಯಮ್ಮ?” ಎನ್ನುವ ಮಾತಿನ ಕೊನೆಗೆ ಲೋಟ ಕೆಳಗಿಡಬೇಕು ಎಂದು ಅಭ್ಯಾಸದಲ್ಲೇ ನಿಗದಿಯಾಗಿದ್ದರೆ ಪ್ರತಿ ಟೇಕ್‌ನಲ್ಲೂ ಅದು ಅಲ್ಲೇ ಬರುತ್ತದೆ. ಚಲನೆಯನ್ನು ಮಾತಿಗೆ ಕಟ್ಟಿಹಾಕುವುದು ನಟನೆಯನ್ನು ಬಿಗಿಗೊಳಿಸುವುದಿಲ್ಲ. ಅನುಭವಿ ನಟರು ತಾವಾಗಿಯೇ ಇದನ್ನು ಪಾಲಿಸುತ್ತಾರೆ.

ಲೋಟ ಇಳಿಯುವ ಚಲನೆ ಎರಡೂ ಶಾಟ್‌ಗಳಲ್ಲಿ ಪೂರ್ತಿ ಇದ್ದರೆ ಕಟ್ಟನ್ನು ಆ ಚಲನೆಯ ಮಧ್ಯಕ್ಕೆ ಸರಿಸಿ. ಕೈ ಇಳಿಯಲು ಆರಂಭಿಸಿದ್ದು ವೈಡ್ ಶಾಟ್‌ನಲ್ಲಿ, ಲೋಟ ಕಟ್ಟೆಗೆ ತಾಗುವುದು ಕ್ಲೋಸಪ್‌ನಲ್ಲಿ. ಕಣ್ಣು ಚಲನೆಯ ಬೆನ್ನು ಹತ್ತಿದಾಗ ಕಟ್ ಅದರ ಗಮನಕ್ಕೆ ಬರುವುದಿಲ್ಲ. ಒಂದೆರಡು ಫ್ರೇಮ್ ಅತ್ತಿತ್ತ ಮಾಡಿ ನೋಡುತ್ತಾ ಹೋಗಿ. ಗಣಿತಕ್ಕೆ ಸರಿಹೊಂದಿದ ಜಾಗವೇ ಕಣ್ಣಿಗೂ ಸರಿಹೊಂದಬೇಕೆಂದಿಲ್ಲ. ಅನೇಕರು ಮಾಡುವ ತಪ್ಪು ಚಲನೆ ಮುಗಿಯುವವರೆಗೆ ಕಾದು, ಕೈ ನಿಂತ ಮೇಲೆ ಕಟ್ ಮಾಡುವುದು. ಆಗ ಕಣ್ಣಿಗೆ ಬೇರೆ ಕೆಲಸವಿಲ್ಲದೆ ಇರುವ ವ್ಯತ್ಯಾಸವನ್ನೆಲ್ಲ ಎಣಿಸುತ್ತದೆ.

ಸೆಟ್‌ನಲ್ಲಿ ಈ ಕೆಲಸಕ್ಕೆ ಒಬ್ಬರು ಇರಲೇಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ದೊಡ್ಡ ಚಿತ್ರಗಳಲ್ಲಿ ಸಹಾಯಕ ನಿರ್ದೇಶಕರೊಬ್ಬರು ಕಂಟಿನ್ಯೂಟಿ ನೋಡಿಕೊಳ್ಳುತ್ತಾರೆ. ಐದು ಜನರ ತಂಡದಲ್ಲೂ ಒಬ್ಬರು ಮೊಬೈಲ್ ಹಿಡಿದು ಪ್ರತಿ ಟೇಕ್‌ನ ಆರಂಭ ಮತ್ತು ಕೊನೆಯ ಚಿತ್ರ ತೆಗೆಯಲಿ. ನಮ್ಮ ಮನೆಗಳಲ್ಲಿ ಹೆಚ್ಚು ಕಾಡುವ ವಸ್ತುಗಳು ಇವು: ಮುಡಿದ ಮಲ್ಲಿಗೆ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಆದ್ದರಿಂದ ಇನ್ನೊಂದು ಮೊಳವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹಣೆಯ ಕುಂಕುಮ ಬೆವರಿಗೆ ಕದಡುತ್ತದೆ. ಊದುಬತ್ತಿ ಗಿಡ್ಡವಾಗುತ್ತದೆ. ಅಂಗಳದ ರಂಗೋಲಿಯನ್ನು ತಂಡದವರೇ ತುಳಿಯುತ್ತಾರೆ. ಗೋಡೆ ಗಡಿಯಾರದ ಬ್ಯಾಟರಿಯನ್ನು ಬೆಳಿಗ್ಗೆಯೇ ತೆಗೆದು, ದೃಶ್ಯದ ಹೊತ್ತಿಗೆ ಮುಳ್ಳುಗಳನ್ನು ನಿಲ್ಲಿಸಿಬಿಡಿ. ಫ್ಯಾನ್ ತಿರುಗುತ್ತಿದ್ದ ಶಾಟ್‌ನಲ್ಲಿ ಕೂದಲು ಹಾರುತ್ತದೆ, ಕರೆಂಟ್ ಹೋದ ಮೇಲಿನ ಶಾಟ್‌ನಲ್ಲಿ ಹಾರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲೋಟದ ಕಾಫಿ ಒಂದು ಗುಟುಕು ಹೆಚ್ಚು ಕಡಿಮೆ ಇದೆ ಎನ್ನುವ ಕಾರಣಕ್ಕೆ ಅಜ್ಜನ ಅತ್ಯುತ್ತಮ ಟೇಕನ್ನು ಕೈಬಿಡಬೇಡಿ. ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ನ ಗುಣಗಳನ್ನು ಆರಾಗಿ ವಿಂಗಡಿಸಿ ತೂಕ ಕೊಟ್ಟಾಗ ಭಾವಕ್ಕೆ 51 ಶೇಕಡಾ, ಕಥೆಗೆ 23, ಲಯಕ್ಕೆ 10, ಕಣ್ಣು ಸಾಗುವ ದಾರಿಗೆ 7, ಪರದೆಯ ಸಮತಲಕ್ಕೆ (ಎಡ ಬಲದ ಹೊಂದಿಕೆಗೆ) 5 ಇಟ್ಟು, ನಿಜವಾದ ಜಾಗದ ನಿರಂತರತೆಗೆ ಕೊನೆಯ 4 ಶೇಕಡಾ ಕೊಟ್ಟರು. ಆ ಪಟ್ಟಿಯ ಮೊದಲೆರಡು ಗಟ್ಟಿಯಾಗಿದ್ದರೆ ಕೊನೆಯದರ ಕೊರತೆ ಬಹುತೇಕ ಗಮನಕ್ಕೇ ಬರುವುದಿಲ್ಲ. ಇದನ್ನು ಅಲಕ್ಷ್ಯಕ್ಕೆ ನೆಪ ಮಾಡಿಕೊಳ್ಳಬಾರದು. ಆದರೆ ಯಾವುದನ್ನು ಉಳಿಸಿ ಯಾವುದನ್ನು ಬಿಡಬೇಕು ಎಂಬ ಇಕ್ಕಟ್ಟು ಬಂದಾಗ ಉತ್ತರ ಅಲ್ಲಿದೆ. ಪ್ರೇಕ್ಷಕರು ಲೋಟವನ್ನು ನೋಡುತ್ತಿದ್ದಾರೆಂದರೆ ಅಜ್ಜನ ಕಣ್ಣಿನಲ್ಲಿ ನೋಡುವಂಥದ್ದೇನೂ ಇಲ್ಲ ಎಂದೇ ಅರ್ಥ. ಆಗ ಬೇರೆ ಟೇಕ್ ಹುಡುಕಿ.

ಹೊರಟವಳು ವಾಪಸು ಬರುತ್ತಿರುವಂತೆ ಕಾಣುತ್ತದೆ

ಮೊಮ್ಮಗಳು ಚೀಲ ಹೊತ್ತು ಫ್ರೇಮಿನ ಬಲದಿಂದ ಹೊರಗೆ ಹೋಗುತ್ತಾಳೆ. ಮುಂದಿನ ಶಾಟ್‌ನಲ್ಲಿ, ರಸ್ತೆಯ ಮೇಲೆ, ಬಲದಿಂದಲೇ ಒಳಗೆ ಬಂದು ಎಡಕ್ಕೆ ನಡೆಯುತ್ತಾಳೆ. ಮರೆತ ವಸ್ತುವಿಗಾಗಿ ಮನೆಗೆ ಮರಳುತ್ತಿದ್ದಾಳೆ ಎನಿಸುತ್ತದೆ. ಬಲಕ್ಕೆ ಹೋದವರು ಎಡದಿಂದ ಬರಬೇಕು, ಅಷ್ಟೇ ನಿಯಮ. ನೆಲದ ಮೇಲಿನ ನಿಜವಾದ ದಿಕ್ಕಿಗೆ ಇಲ್ಲಿ ಬೆಲೆಯಿಲ್ಲ. ಬಸ್ ನಿಲ್ದಾಣ ಮನೆಯ ಎಡಕ್ಕಿದೆ ಎನ್ನುವುದು ಊರಿನವರಿಗೆ ಗೊತ್ತು, ಪರದೆಗೆ ಗೊತ್ತಿಲ್ಲ. ಬಸ್ ಕೂಡ ಅವಳು ನಡೆದ ದಿಕ್ಕಿಗೇ ಹೊರಡಬೇಕು.

ನಡುವೆ ಅವಳು ನೇರವಾಗಿ ಕ್ಯಾಮೆರಾ ಕಡೆಗೆ ನಡೆದು ಬರುವ, ಇಲ್ಲವೇ ಕ್ಯಾಮೆರಾಗೆ ಬೆನ್ನು ಹಾಕಿ ದೂರ ಸಾಗುವ ಶಾಟ್ ಇದ್ದರೆ ಅದನ್ನು ಹಾಕಿ. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ, ಅದರ ನಂತರ ಯಾವ ದಿಕ್ಕು ಬಂದರೂ ಒಪ್ಪುತ್ತದೆ. ನಡೆಯುವ, ಓಡುವ, ಪಯಣಿಸುವ ಪ್ರತಿ ದೃಶ್ಯಕ್ಕೂ ಇಂಥದ್ದೊಂದು ಶಾಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಪಾತ್ರ ಫ್ರೇಮಿಗೆ ಬರುವ ಮುನ್ನ ಮತ್ತು ಹೋದ ಮೇಲೆ ಖಾಲಿ ಜಾಗವನ್ನೂ ಕೆಲವು ಸೆಕೆಂಡ್ ಚಿತ್ರಿಸಿ.

ಒಂದೇ ಗೋಡೆ, ಬೇರೆ ಬೇರೆ ಬಣ್ಣ

ಅಜ್ಜನ ಹಿಂದಿನ ಸುಣ್ಣದ ಗೋಡೆ ಒಂದು ಶಾಟ್‌ನಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ. ಅಥವಾ ಶಾಟ್‌ನ ನಡುವೆಯೇ ಮುಖ ಬೆಳಗಿ ಮಂಕಾಗುತ್ತದೆ. ಎರಡನೆಯದು ಕಂಡರೆ ಅನುಮಾನವೇ ಬೇಡ, ಮೊಬೈಲ್ ಆಟೋದಲ್ಲಿದೆ. ಬಿಳಿ ಸೀರೆಯವರು ಹಾದುಹೋದರೂ ಅದು ಎಕ್ಸ್‌ಪೋಷರ್ (ಚಿತ್ರಕ್ಕೆ ತೆಗೆದುಕೊಳ್ಳುವ ಬೆಳಕಿನ ಪ್ರಮಾಣ) ಬದಲಿಸುತ್ತದೆ. ಪರದೆಯ ಮೇಲೆ ಬೆರಳೊತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಷರ್ ಬೀಗ ಬೀಳುವ ಸೌಲಭ್ಯ ಹೆಚ್ಚಿನ ಮೊಬೈಲ್‌ಗಳಲ್ಲಿದೆ. ಪ್ರೊ ಮೋಡ್ (ಸೆಟ್ಟಿಂಗ್‌ಗಳನ್ನು ನಾವೇ ನಿಗದಿಪಡಿಸುವ ಆಯ್ಕೆ) ಇದ್ದರೆ ವೈಟ್ ಬ್ಯಾಲೆನ್ಸನ್ನೂ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆಯನ್ನೂ) ಅಂಕಿಯಲ್ಲಿ ನಿಲ್ಲಿಸಬಹುದು: ಹಗಲ ಬೆಳಕಿಗೆ 5600 ಕೆಲ್ವಿನ್ ಸುತ್ತಮುತ್ತ, ಹಳೆಯ ಹಳದಿ ಬಲ್ಬಿಗೆ 3000 ಸುತ್ತಮುತ್ತ. ಅಂಕಿ ತುಸು ಹೆಚ್ಚು ಕಡಿಮೆಯಾದರೂ ಚಿಂತೆಯಿಲ್ಲ. ಇಡೀ ದೃಶ್ಯಕ್ಕೆ ಒಂದೇ ಅಂಕಿ ಇದ್ದರೆ ಆಮೇಲೆ ಎಲ್ಲವನ್ನೂ ಒಟ್ಟಿಗೆ ತಿದ್ದಬಹುದು. ಪ್ರತಿ ಶಾಟ್ ಒಂದೊಂದು ಕಡೆ ಎಳೆದರೆ ಒಂದೊಂದನ್ನೂ ಬೇರೆಯಾಗಿ ತಿದ್ದಬೇಕಾಗುತ್ತದೆ.

ಎಲ್ಲವೂ ಬೀಗ ಹಾಕಿಯೇ ಇತ್ತು, ಆದರೂ ಬೆಳಕು ಹೊಂದುತ್ತಿಲ್ಲ ಎಂದರೆ ನೆರಳು ನೋಡಿ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಿಗ್ಗೆ ಎಂಟಕ್ಕೆ ವೈಡ್ ಶಾಟ್, ಹನ್ನೊಂದಕ್ಕೆ ಕ್ಲೋಸಪ್ ತೆಗೆದರೆ ನಡುವೆ 45 ಡಿಗ್ರಿ ಅಂತರವಿದೆ. ಜಗಲಿಯ ಕಂಬದ ನೆರಳು ಅಷ್ಟು ಹೊತ್ತಿಗೆ ಎಲ್ಲೋ ಹೋಗಿರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಆ ಹೊತ್ತಿನಲ್ಲಿ ತೆಗೆದ ಮುಖದಲ್ಲಿ ಕಣ್ಣಿನ ಗುಳಿಗಳು ಕಪ್ಪಾಗಿ, ಬೆಳಗಿನ ಶಾಟ್‌ಗೆ ಯಾವ ರೀತಿಯಿಂದಲೂ ಜೋಡಿಯಾಗುವುದಿಲ್ಲ.

ಆದ್ದರಿಂದ ಬಿಸಿಲಿನಲ್ಲಿ ಕೆಲಸದ ಕ್ರಮ ಮುಖ್ಯ. ಹೆಚ್ಚು ಜಾಗ ಕಾಣುವ ಶಾಟ್‌ಗಳನ್ನು ಮೊದಲು ಒಂದೇ ಹೊತ್ತಿನಲ್ಲಿ ಮುಗಿಸಿ. ಕ್ಲೋಸಪ್‌ಗಳನ್ನು ಆಮೇಲೆ ನೆರಳಿಗೆ ಸರಿದು, ಮೇಲೆ ಬಿಳಿ ಬಟ್ಟೆ ಕಟ್ಟಿ, ಥರ್ಮಾಕೋಲ್ ಹಲಗೆಯಿಂದ ಬೆಳಕು ಹಿಂದಿರುಗಿಸಿ ತೆಗೆಯಬಹುದು. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ ಚಿತ್ರದಲ್ಲಿ ಕಾಶಿಯ ಮನೆಯ ಒಳ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಹರಡಿ, ದೀಪಗಳನ್ನು ಅದಕ್ಕೆ ಹೊಡೆಸಿ, ಮರಳಿ ಬಿದ್ದ ಬೆಳಕಿನಲ್ಲಿ ಚಿತ್ರಿಸಿದರು. ನಿಜವಾದ ಮನೆಯ ಅಂಗಳಕ್ಕೆ ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಹಾಗೆ ಸ್ಟುಡಿಯೋದೊಳಗೆ ಬಂತು. ಬೇರೆ ಬೇರೆ ಜಾಗದಲ್ಲಿ ತೆಗೆದ ಶಾಟ್‌ಗಳು ಒಂದೇ ಮನೆಯವೆಂದು ನಂಬಿಸಲು ಅವರಿಗೆ ಬೇಕಾದದ್ದು ಬೆಳಕು ಎತ್ತಣಿಂದ ಬರುತ್ತದೆ ಎಂಬ ಸರಿಯಾದ ಗಮನಿಕೆ. ಒಂದು ಪಂಚೆ, ಒಂದು ಥರ್ಮಾಕೋಲ್ ಹಲಗೆ ಇರುವ ಯಾರಿಗೂ ಆ ಪಾಠ ಉಪಯೋಗಕ್ಕೆ ಬರುತ್ತದೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಶೂಟಿಂಗ್ ಆದರೆ ಮೋಡದ ಲೆಕ್ಕ ಬೇರೆ. ದಟ್ಟ ಮೋಡವಿದ್ದರೆ ದಿನವಿಡೀ ಬೆಳಕು ಹೊಂದುತ್ತದೆ. ತೊಂದರೆ ಬರುವುದು ಚದುರಿದ ಮೋಡದಲ್ಲಿ. ಬಿಸಿಲಿಗೆ ಕಾಯುವುದೋ ಮೋಡಕ್ಕೆ ಕಾಯುವುದೋ ಎಂದು ಮೊದಲೇ ತೀರ್ಮಾನಿಸಿ, ಅದಕ್ಕೇ ಕಾಯಿರಿ.

ಪರದೆಯ ಮೇಲೆ ಪಟ್ಟಿಗಳು ಹರಿಯುತ್ತವೆ

ರಾತ್ರಿ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬಲ್ಬಿನಡಿ ತೆಗೆದ ಶಾಟ್‌ನಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ತೇಲುತ್ತವೆ, ಇಲ್ಲವೇ ಚಿತ್ರ ಮಿಣುಕುತ್ತದೆ. ಭಾರತದ ವಿದ್ಯುತ್ 50 ಹರ್ಟ್ಸ್. ಇಂಥ ದೀಪಗಳು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತವೆ. ಶಟರ್, ಅಂದರೆ ಪ್ರತಿ ಫ್ರೇಮ್ ಬೆಳಕು ಪಡೆಯುವ ಅವಧಿ, 1/50 ಅಥವಾ 1/100 ಸೆಕೆಂಡ್ ಇದ್ದರೆ ಏರಿಳಿತ ಇಡಿಯಾಗಿ ಒಳಬರುತ್ತದೆ, ಪಟ್ಟಿ ಕಾಣುವುದಿಲ್ಲ. 1/60 ಇದ್ದರೆ ಕಾಣುತ್ತದೆ. ಸೆಕೆಂಡಿಗೆ 24, 25, 30 ಫ್ರೇಮ್ ಯಾವುದೇ ಇರಲಿ, ಮನೆಯೊಳಗೆ ಶಟರ್ 1/50ರಲ್ಲೇ ಇರಲಿ. ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಸ್ ಆದ್ದರಿಂದ ಅಲ್ಲಿನ ಕನ್ನಡ ಕೂಟಗಳಲ್ಲಿ ಚಿತ್ರ ಮಾಡುವವರಿಗೆ 1/60 ಸರಿ. ಸ್ಲೋ ಮೋಷನ್‌ಗೆ ಸೆಕೆಂಡಿಗೆ 120 ಫ್ರೇಮ್ ಹಾಕಿದರೆ ಶಟರ್ 1/120ಕ್ಕಿಂತ ನಿಧಾನವಾಗಲಾರದು. ಆ ಶಾಟನ್ನು ಹಗಲಲ್ಲಿ, ಹೊರಗೆ ತೆಗೆಯಿರಿ. ಬಿದ್ದ ಪಟ್ಟಿಯನ್ನು ಆಮೇಲೆ ತೆಗೆಯುವುದು ಕಷ್ಟ, ಮರುಚಿತ್ರೀಕರಣವೇ ಸುಲಭ.

ಮೂಕವಾಗಿ ಸರಿ, ಧ್ವನಿ ಹಾಕಿದರೆ ಎಡವುತ್ತದೆ

ಪ್ರತಿ ಕಟ್‌ನಲ್ಲೂ ಹಿನ್ನೆಲೆಯ ಸದ್ದು ಬದಲಾಗುತ್ತಿದೆ. ಅಜ್ಜನ ಶಾಟ್‌ನಲ್ಲಿ ಫ್ರಿಜ್ ಗುನುಗುತ್ತಿದೆ, ಮೊಮ್ಮಗಳ ಶಾಟ್‌ನಲ್ಲಿ ಇಲ್ಲ. ಒಂದರಲ್ಲಿ ಕೋಗಿಲೆ ಅರ್ಧ ಕೂಗಿ ನಿಲ್ಲುತ್ತದೆ. ಶೂಟಿಂಗ್ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷದಿಂದ ಒಂದು ನಿಮಿಷ ಬರೀ ಆ ಜಾಗದ ಮೌನವನ್ನು ರೆಕಾರ್ಡ್ ಮಾಡಿಕೊಂಡಿದ್ದರೆ ಅದನ್ನು ಇಡೀ ದೃಶ್ಯದ ಅಡಿಗೆ ಹಾಸಿ. ಇಲ್ಲದಿದ್ದರೆ ಮಾತಿಲ್ಲದ ಕಡೆಗಳಿಂದ ತುಣುಕುಗಳನ್ನು ಆಯ್ದು ಜೋಡಿಸಿಕೊಳ್ಳಬೇಕು. ಜೊತೆಗೆ ಧ್ವನಿಯ ಕಟ್ಟನ್ನು ಚಿತ್ರದ ಕಟ್‌ನಿಂದ ಬಿಡಿಸಿ. ಅಜ್ಜನ ಮಾತಿನ ಕೊನೆಯ ಪದ ಮೊಮ್ಮಗಳ ಮುಖದ ಮೇಲೆ ಬೀಳಲಿ, ಅಥವಾ ಅವಳ ಮಾತು ಅವಳು ಕಾಣುವ ಮುಂಚೆಯೇ ಶುರುವಾಗಲಿ. ಈ ಒಂದು ಕ್ರಮದಿಂದ ಒರಟಾದ ಎಷ್ಟೋ ಕಟ್‌ಗಳು ನಯವಾಗುತ್ತವೆ.

ಆರಂಭದಲ್ಲಿ ಸರಿಯಿದ್ದ ತುಟಿಯ ಚಲನೆ ಶಾಟ್ ಮುಂದುವರಿದಂತೆ ಮಾತಿನಿಂದ ದೂರವಾಗುತ್ತಿದ್ದರೆ ಅದು ಬೇರೆ ದೋಷ. ಮೊಬೈಲ್‌ಗಳು ಫ್ರೇಮ್ ದರವನ್ನು ಒಂದೇ ಸಮನಾಗಿ ಇಟ್ಟುಕೊಳ್ಳುವುದಿಲ್ಲ, ಬೆಳಕು ಕಡಿಮೆಯಾದಾಗ ಇಳಿಸುತ್ತವೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಕಡತಗಳನ್ನು ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಂಡ ಮೇಲೆ ಸಂಕಲನ ಆರಂಭಿಸಿ.

ಯಾವ ಉಪಾಯಕ್ಕೂ ಬಗ್ಗದಿದ್ದರೆ

ಆಗ ಉಳಿಯುವುದು ಒಂದೆರಡು ಶಾಟ್ ಮತ್ತೆ ತೆಗೆಯುವುದು. ಇಡೀ ದೃಶ್ಯ ಬೇಕಾಗಿಲ್ಲ. ಲೋಟ ಕಟ್ಟೆಗೆ ತಾಗುವ ಇನ್ಸರ್ಟ್ (ಒಂದು ವಸ್ತುವನ್ನೋ ಕೈಯನ್ನೋ ಮಾತ್ರ ಹತ್ತಿರದಿಂದ ತೋರಿಸುವ ಶಾಟ್), ಚೀಲದ ಹಿಡಿಯ ಮೇಲಿನ ಬೆರಳು, ಬಾಗಿಲ ಬಳಿಯ ಚಪ್ಪಲಿ, ಇಂಥವೇ ಸಾಕಾಗುತ್ತವೆ. ಕೈ ಮಾತ್ರ ಕಾಣುವ ಶಾಟ್‌ಗೆ ಅದೇ ನಟರೂ ಬೇಕಿಲ್ಲ, ಅದೇ ಬಳೆ, ಅದೇ ತೋಳಿನ ಬಟ್ಟೆ, ಅದೇ ಬದಿಯ ಬೆಳಕು ಇದ್ದರಾಯಿತು. ಆದ್ದರಿಂದ ಸಂಕಲನ ಪೂರ್ತಿಯಾಗುವವರೆಗೆ ಉಡುಪು, ಲೋಟ, ಚೀಲಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ, ಸಾಲ ತಂದದ್ದನ್ನು ಹಿಂದಿರುಗಿಸುವುದಿದ್ದರೆ ಮೊದಲು ಎಲ್ಲ ಬದಿಗಳಿಂದ ಫೋಟೊ ತೆಗೆಯಿರಿ. ಕ್ಯಾಮೆರಾ ಎತ್ತರ, ದೂರ, ಲೆನ್ಸ್, ಗಂಟೆ ಬರೆದಿಟ್ಟ ಪುಸ್ತಕವನ್ನು ಅದೇ ಪೆಟ್ಟಿಗೆಗೆ ಹಾಕಿ. ಪಾತ್ರಧಾರಿಗಳಿಗೆ ಚಿತ್ರ ಮುಗಿಯಿತು ಎಂದು ನೀವೇ ಹೇಳುವವರೆಗೆ ಕೂದಲು ಕತ್ತರಿಸಬೇಡಿ, ಗಡ್ಡ ತೆಗೆಯಬೇಡಿ ಎಂದು ಶೂಟಿಂಗ್‌ನ ಕೊನೆಯ ದಿನವೇ ಕೇಳಿಕೊಳ್ಳಿ.